ನೈರೋಬಿಯಲ್ಲಿ ಬಾಡಿಗೆ ಮನೆ: ಮೊದಲು ದಾರಿ, ಆಮೇಲೆ ನೀರು, ಕೊನೆಗೆ ಬಡಾವಣೆಯ ಹೆಸರು

ಕರ್ನಾಟಕದಿಂದ ಕೆಲಸದ ಮೇಲೆ ಕೀನ್ಯಾದ ರಾಜಧಾನಿ ನೈರೋಬಿಗೆ ಹೊರಟವರು ಮನೆಯ ವಿಚಾರ ಬಂದಾಗ ಕೇಳುವ ಮೊದಲ ಪ್ರಶ್ನೆ, ಅಲ್ಲಿ ಒಳ್ಳೆಯ ಬಡಾವಣೆ ಯಾವುದು ಎಂಬುದು. ಪ್ರಶ್ನೆ ಸಹಜವಾದದ್ದೇ. ಆದರೆ ಅದಕ್ಕೆ ಉತ್ತರವಾಗಿ ಸಿಗುವ ವೆಸ್ಟ್‌ಲ್ಯಾಂಡ್ಸ್, ಪಾರ್ಕ್‌ಲ್ಯಾಂಡ್ಸ್, ಕಿಲಿಮಾನಿ, ಲ್ಯಾವಿಂಗ್ಟನ್ ಎಂಬ ನಾಲ್ಕಾರು ಹೆಸರುಗಳು, ಕೇಳಿದವರ ಕಚೇರಿ ಯಾವ ದಿಕ್ಕಿನಲ್ಲಿದೆ, ಅವರ ಬಳಿ ಕಾರಿದೆಯೇ, ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರೆಯೇ ಎಂಬ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. 2019ರ ಜನಗಣತಿಯ ಪ್ರಕಾರ ಸುಮಾರು 44 ಲಕ್ಷ ಜನರಿರುವ, 696 ಚದರ ಕಿಲೋಮೀಟರ್ ಹರಡಿಕೊಂಡಿರುವ ಈ ನಗರದಲ್ಲಿ ಬಹುಪಾಲು ಕುಟುಂಬಗಳು ಬಾಡಿಗೆ ಮನೆಯಲ್ಲೇ ಇವೆ. ಅಲ್ಲಿ ಮನೆ ಹುಡುಕುವವರು ಮೊದಲು ದಾರಿಯನ್ನು, ಆಮೇಲೆ ನೀರನ್ನು, ಅದರ ನಂತರ ಮನೆ ನಿಂತ ನೆಲವನ್ನು ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಡಾವಣೆಯ ಹೆಸರು ಈ ಮೂರರ ನಂತರ ಬಂದರೆ ಸಾಕು. ಹೀಗೇಕೆ ಎಂಬುದಕ್ಕೆ ಕಾರಣ ಆ ಊರು ಹುಟ್ಟಿದ ಬಗೆಯಲ್ಲೇ ಇದೆ.

ನೈರೋಬಿ ಶುರುವಾದದ್ದು 1899ರಲ್ಲಿ, ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ಕಡೆಗೆ ಬ್ರಿಟಿಷರು ಹಾಕುತ್ತಿದ್ದ ರೈಲುಹಾದಿಯ ಡಿಪೋ ಆಗಿ. ತಣ್ಣನೆಯ ನೀರು ಎಂಬ ಅರ್ಥದ ಮಾಸಾಯಿ ಮಾತೇ ಊರಿನ ಹೆಸರಾಯಿತು. ಡಿಪೋಗೆ ಆರಿಸಿಕೊಂಡ ಜಾಗ ಗುಡ್ಡಗಾಡು ಮುಗಿದು ಬಯಲು ಆರಂಭವಾಗುವ ಸಮತಟ್ಟಾದ ಜೌಗು ನೆಲ. ಅಲ್ಲಿಂದ ಪಶ್ಚಿಮಕ್ಕೂ ಉತ್ತರಕ್ಕೂ ಹೋದಂತೆ ನೆಲ ಏರುತ್ತದೆ, ನೀರು ಬೇಗ ಇಂಗಿಹೋಗುವ ಕೆಮ್ಮಣ್ಣು ಸಿಗುತ್ತದೆ, ಮರಗಳು ದಟ್ಟವಾಗುತ್ತವೆ. ಪೂರ್ವಕ್ಕೂ ದಕ್ಷಿಣಕ್ಕೂ ಹೋದರೆ ಬಯಲು ಸಿಗುತ್ತದೆ. ಅಲ್ಲಿರುವುದು ನಮ್ಮ ಗದಗ, ಧಾರವಾಡ ಸೀಮೆಯವರಿಗೆ ಚೆನ್ನಾಗಿ ಗೊತ್ತಿರುವ ಎರೆಮಣ್ಣು. ವಸಾಹತು ಆಡಳಿತವು ಎತ್ತರದ ಕೆಮ್ಮಣ್ಣಿನ ನೆಲವನ್ನು ಯುರೋಪಿಯನ್ನರಿಗೂ, ನ್ಗಾರಾ, ಪಂಗಾನಿ, ಈಸ್ಟ್‌ಲೀಗಳಂಥ ನಡುವಣ ಭಾಗಗಳನ್ನು ಭಾರತೀಯರಿಗೂ, ಪೂರ್ವದ ಬಯಲನ್ನು ಆಫ್ರಿಕನ್ ಕಾರ್ಮಿಕರಿಗೂ ಹಂಚಿತು. 1963ರಲ್ಲಿ ಸ್ವಾತಂತ್ರ್ಯ ಬಂದಾಗ ಈ ವಿಭಜನೆಗೆ ಇದ್ದ ಕಾನೂನಿನ ಬಲ ಇಲ್ಲವಾಯಿತು, ಆದರೆ ಬಾಡಿಗೆಯ ನಕ್ಷೆಯಲ್ಲಿ ಅದು ಇಂದಿಗೂ ಉಳಿದಿದೆ. ಮುತೈಗಾ, ರುಂಡಾ, ಕರೆನ್, ಲ್ಯಾವಿಂಗ್ಟನ್ ಇಂದಿಗೂ ದುಬಾರಿ. ಈಸ್ಟ್‌ಲ್ಯಾಂಡ್ಸ್ ಎಂದು ಒಟ್ಟಾಗಿ ಕರೆಯುವ ಬುರುಬುರು, ಉಮೋಜಾ, ಡೊನ್‌ಹೋಮ್, ಕಯೋಲೆಗಳಲ್ಲಿ ಬಾಡಿಗೆ ಕಡಿಮೆ. ಹೊಸಬರು ಒಳ್ಳೆಯ ಬಡಾವಣೆ, ಕೆಟ್ಟ ಬಡಾವಣೆ ಎಂದು ಕೇಳಿಸಿಕೊಳ್ಳುವ ಮಾತಿನಲ್ಲಿ ಈ ಹಳೆಯ ಹಂಚಿಕೆಯ ನೆರಳು ಎಷ್ಟಿದೆ ಎಂಬುದನ್ನು ಗಮನಿಸಬೇಕು. ಬುರುಬುರುವಿನಂಥ ಬಡಾವಣೆ 1970ರ ದಶಕದಲ್ಲಿ ಮಧ್ಯಮವರ್ಗಕ್ಕಾಗಿಯೇ ಯೋಜಿಸಿ ಕಟ್ಟಿದ್ದು. ಅದನ್ನು ಒಮ್ಮೆಯೂ ನೋಡದೆ ಕೈಬಿಡುವುದು ಸರಿಯಲ್ಲ.

ಇನ್ನು ದಾರಿಯ ವಿಚಾರ. ನಗರದ ಮುಖ್ಯ ರಸ್ತೆಗಳೆಲ್ಲ ನಡುವಿನ ವ್ಯಾಪಾರ ಕೇಂದ್ರದಿಂದ ಗಾಲಿಯ ಅರಗಳಂತೆ ಹೊರಟಿವೆ. ಈಶಾನ್ಯಕ್ಕೆ ಥೀಕಾ ರಸ್ತೆ, ವಾಯವ್ಯಕ್ಕೆ ವಯ್ಯಾಕಿ ವೇ, ಉತ್ತರಕ್ಕೆ ಲಿಮುರು ರಸ್ತೆ, ಪಶ್ಚಿಮಕ್ಕೆ ನ್ಗೊಂಗ್ ರಸ್ತೆ, ನೈಋತ್ಯಕ್ಕೆ ಲಂಗಾಟಾ ರಸ್ತೆ, ಆಗ್ನೇಯಕ್ಕೆ ಮೊಂಬಾಸಾ ರಸ್ತೆ, ಪೂರ್ವಕ್ಕೆ ಜೋಗೂ ರಸ್ತೆ. ಜನಸಾಮಾನ್ಯರ ವಾಹನವಾದ ಮಟಾಟು, ಅಂದರೆ 14 ಸೀಟಿನ ವ್ಯಾನುಗಳು ಮತ್ತು ಅವುಗಳಿಗಿಂತ ದೊಡ್ಡ ಮಿನಿಬಸ್ಸುಗಳು, ಈ ಅರಗಳ ಮೇಲೆಯೇ ಓಡಾಡುತ್ತವೆ. ಪ್ರತಿ ದಾರಿಗೂ ಒಂದು ಸಂಖ್ಯೆಯಿದೆ: ನ್ಗೊಂಗ್‌ಗೆ 111, ರೊಂಗೈಗೆ 125, ಗಿಥುರೈಗೆ 45, ಬುರುಬುರುವಿಗೆ 58. ಬಹುತೇಕ ಮಟಾಟುಗಳು ನಗರದ ನಡುವಿಗೆ ಬಂದು ಅಲ್ಲಿಯೇ ನಿಲ್ಲುತ್ತವೆ. ಆದ್ದರಿಂದ ಒಂದು ಅರದ ಮೇಲೆ ಮನೆ, ಇನ್ನೊಂದು ಅರದ ಮೇಲೆ ಕಚೇರಿ ಇದ್ದವರು ದಿನಕ್ಕೆ ಎರಡು ಬಾರಿ ಪೇಟೆಯ ನಡುವೆ ಇಳಿದು, ಜನಜಂಗುಳಿಯಲ್ಲಿ ಹತ್ತು ಹದಿನೈದು ನಿಮಿಷ ನಡೆದು, ಮತ್ತೊಂದು ನಿಲ್ದಾಣದಲ್ಲಿ ಸರತಿಯಲ್ಲಿ ನಿಂತು ಬೇರೊಂದು ಗಾಡಿ ಹಿಡಿಯಬೇಕು. ನಕ್ಷೆಯ ಮೇಲೆ ಆರು ಕಿಲೋಮೀಟರ್ ಎಂದು ಕಾಣುವ ಅಂತರ ಹೀಗೆ ಒಂದೂವರೆ ಗಂಟೆಯ ಪ್ರಯಾಣವಾಗಬಹುದು, ಅದೇ ಅರದ ಮೇಲಿನ ಹನ್ನೆರಡು ಕಿಲೋಮೀಟರ್ ಅದಕ್ಕಿಂತ ಬೇಗ ಮುಗಿಯಬಹುದು.

ಆದ್ದರಿಂದ ಕಚೇರಿ ಯಾವ ರಸ್ತೆಯ ಮೇಲಿದೆಯೋ ಅದೇ ರಸ್ತೆಯ ಮೇಲೆ ಮನೆ ಹುಡುಕುವುದು ಒಳಿತು. ವಿಶ್ವಸಂಸ್ಥೆಯ ಕಚೇರಿಗಳಿರುವ ಗಿಗಿರಿಯಲ್ಲಿ ಕೆಲಸವಿದ್ದು, ಪಕ್ಕದ ರುಂಡಾದ ಬಾಡಿಗೆ ಕೈಗೆಟುಕದಿದ್ದರೆ ಲಿಮುರು ರಸ್ತೆಯಲ್ಲಿ ಸ್ವಲ್ಪ ಮುಂದಿರುವ ರುವಾಕಾ ಅನುಕೂಲ. ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ಸೌತ್ ಬಿ, ಸೌತ್ ಸಿ, ಇಮಾರಾ ಡೈಮಾ ಹತ್ತಿರ. ಥೀಕಾ ರಸ್ತೆಯ ವಿಶ್ವವಿದ್ಯಾಲಯಗಳಿಗೋ ರುಯಿರುವಿನ ಕಾರ್ಖಾನೆಗಳಿಗೋ ಹೋಗುವವರಿಗೆ ರೊಯ್‌ಸಾಂಬು, ಕಸರಾನಿ, ಕಹಾವಾ. ಹೀಗೆ ಹೋಗುವವರಿಗೆ ಇನ್ನೊಂದು ಲಾಭವಿದೆ: ಬೆಳಿಗ್ಗೆ ಎಲ್ಲರೂ ನಗರದೊಳಗೆ ಬರುತ್ತಿರುವಾಗ ಅವರು ಹೊರಮುಖವಾಗಿ ಹೋಗುತ್ತಾರೆ, ಅವರ ಬದಿಯ ರಸ್ತೆ ಖಾಲಿಯಿರುತ್ತದೆ. ಬೆಂಗಳೂರಿನಲ್ಲಿ ಸಿಲ್ಕ್ ಬೋರ್ಡ್ ದಾಟಿ ಕೆಲಸಕ್ಕೆ ಹೋದವರಿಗೆ ಈ ಮಾತಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಡಿಮೆ ಬಾಡಿಗೆಯ ದೂರದ ಮನೆಯನ್ನು ಲೆಕ್ಕ ಹಾಕುವಾಗ ಎರಡು ವೆಚ್ಚಗಳನ್ನು ಸೇರಿಸಿಕೊಳ್ಳಬೇಕು. ಒಂದು ಪ್ರಯಾಣ ದರ. ಮಟಾಟು ದರ ಸ್ಥಿರವಲ್ಲ; ಬೆಳಗಿನ ಮತ್ತು ಸಂಜೆಯ ದಟ್ಟಣೆಯಲ್ಲಿ ಅದು ಏರುತ್ತದೆ, ಮಳೆ ಬಂದ ಸಂಜೆ ದುಪ್ಪಟ್ಟಾಗುವುದೂ ಉಂಟು. ಇನ್ನೊಂದು ಸಮಯ. ಒಂದು ಕಡೆಯ ಪ್ರಯಾಣ ಅರ್ಧ ಗಂಟೆಯ ಬದಲು ಒಂದೂವರೆ ಗಂಟೆಯಾದರೆ ದಿನಕ್ಕೆ ಎರಡು ಗಂಟೆ, ತಿಂಗಳ 22 ಕೆಲಸದ ದಿನಗಳಿಗೆ 44 ಗಂಟೆ ಹೆಚ್ಚುವರಿಯಾಗಿ ರಸ್ತೆಯಲ್ಲಿ ಕಳೆಯುತ್ತದೆ. ಅದು ಹೆಚ್ಚುಕಡಿಮೆ ಒಂದು ವಾರದ ದುಡಿಮೆಯಷ್ಟು. 2022ರಲ್ಲಿ ಆರಂಭವಾದ 27 ಕಿಲೋಮೀಟರಿನ ನೈರೋಬಿ ಎಕ್ಸ್‌ಪ್ರೆಸ್‌ವೇ ಮೊಂಬಾಸಾ ರಸ್ತೆಯ ಮ್ಲೊಲೊಂಗೊದಿಂದ ವೆಸ್ಟ್‌ಲ್ಯಾಂಡ್ಸ್‌ವರೆಗಿನ ದಾರಿಯನ್ನು ಬಹಳ ಚಿಕ್ಕದಾಗಿಸಿದೆ ಎಂಬುದು ನಿಜ. ಆದರೆ ಅದು ಟೋಲ್ ರಸ್ತೆ. ಕಾರಿದ್ದವರು ದಿನವೂ ಎರಡು ಬಾರಿ ಕಟ್ಟುವ ಟೋಲನ್ನು ಬಾಡಿಗೆಯ ಭಾಗವೆಂದೇ ಎಣಿಸಬೇಕು.

ನಗರದ ಅಂಚಿನ ಊರುಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ರುವಾಕಾ, ರೊಂಗೈ, ಕಿಟೆಂಗೆಲಾ, ಸ್ಯೊಕಿಮಾವುಗಳನ್ನು ಜನರು ನೈರೋಬಿಯೆಂದೇ ಭಾವಿಸಿದರೂ ಆಡಳಿತದಲ್ಲಿ ಅವು ನೈರೋಬಿ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗದ, ಹೊರಗಿವೆ. ರುವಾಕಾ ಕಿಯಾಂಬು ಕೌಂಟಿಗೂ, ರೊಂಗೈ ಮತ್ತು ಕಿಟೆಂಗೆಲಾ ಕಜಿಯಾಡೊ ಕೌಂಟಿಗೂ, ಸ್ಯೊಕಿಮಾವು ಮಚಾಕೋಸ್ ಕೌಂಟಿಗೂ ಸೇರಿವೆ. ಕಸ ವಿಲೇವಾರಿ, ಒಳರಸ್ತೆ, ಚರಂಡಿ ಮತ್ತು ನೀರಿನ ಹೊಣೆ ಬೇರೆ ಬೇರೆ ಆಡಳಿತಗಳದ್ದು. ಮನೆಗಳು ಹೊಸದಾಗಿ, ವಿಶಾಲವಾಗಿ, ಬೆಳಕಾಗಿ ಇರುತ್ತವೆ; ಆದರೆ ಬಹಳ ಕಟ್ಟಡಗಳು ಕೊಳವೆಬಾವಿ ಮತ್ತು ಟ್ಯಾಂಕರಿನ ಮೇಲೆ ನಿಂತಿವೆ. ಸ್ಯೊಕಿಮಾವಿಗೆ 2012ರಿಂದ ಪೇಟೆಗೆ ಹೋಗುವ ಲೋಕಲ್ ರೈಲಿದೆ. ಕಚೇರಿಯ ವೇಳೆ ಆ ರೈಲಿಗೆ ಹೊಂದುವವರಿಗೆ ಅದು ದೊಡ್ಡ ಅನುಕೂಲ. ರೊಂಗೈಗೆ ಅಂಥ ಆಸರೆ ಇಲ್ಲ, ಅಲ್ಲಿನ ಜನರು ಒಂದೇ ರಸ್ತೆಯನ್ನು ನಂಬಿದ್ದಾರೆ.

ನೀರಿನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಮನೆ ನೋಡಲು ಹೋದ ಅರ್ಧ ಗಂಟೆಯಲ್ಲಿ ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ನೈರೋಬಿಗೆ ನೀರು ಬರುವುದು ಹೆಚ್ಚಾಗಿ ಉತ್ತರದ ಅಬೆರ್ಡೇರ್ ಬೆಟ್ಟಸಾಲಿನ ತಪ್ಪಲಿನಿಂದ. ಅದರಲ್ಲಿ ಬಹುಪಾಲು ನ್ಡಕೈನಿ ಅಣೆಕಟ್ಟಿನದು. ನಗರದ ಬೇಡಿಕೆ ಪೂರೈಕೆಗಿಂತ ಬಹಳ ಹೆಚ್ಚಿರುವುದರಿಂದ ನೈರೋಬಿಯ ನೀರು ಸರಬರಾಜು ಸಂಸ್ಥೆ ವಾರದ ವೇಳಾಪಟ್ಟಿಯ ಮೇಲೆ ನೀರು ಬಿಡುತ್ತದೆ. ಯಾವ ಬಡಾವಣೆಗೆ ವಾರದಲ್ಲಿ ಎಷ್ಟು ದಿನ, ಎಷ್ಟು ಗಂಟೆ ಎಂಬುದು ಬೇರೆ ಬೇರೆ. ದುಬಾರಿ ಬಡಾವಣೆಯಾದ ಮಾತ್ರಕ್ಕೆ ನೀರು ನಿರಂತರ ಎಂದು ತಿಳಿಯಬಾರದು. ಬಂಗಲೆಗಳಿದ್ದ ಜಾಗದಲ್ಲಿ ಹತ್ತು ಹದಿನೈದು ಮಹಡಿಯ ಕಟ್ಟಡಗಳು ಎದ್ದಿರುವ ಕಿಲಿಮಾನಿ, ಕಿಲೆಲೆಶ್ವಾಗಳಲ್ಲಿ ಹಳೆಯ ಕೊಳವೆಗಳ ಮೇಲೆ ಬಿದ್ದಿರುವ ಭಾರ ಸಣ್ಣದಲ್ಲ. ಹೀಗಾಗಿ ಒಂದೇ ಬೀದಿಯ ಎರಡು ಕಟ್ಟಡಗಳಲ್ಲಿ ಒಂದರಲ್ಲಿ ನೀರಿನ ಚಿಂತೆಯೇ ಇಲ್ಲ, ಇನ್ನೊಂದರಲ್ಲಿ ವಾರಕ್ಕೆರಡು ಬಾರಿ ಟ್ಯಾಂಕರ್ ಎಂಬ ಸ್ಥಿತಿ ಸಾಮಾನ್ಯ. ಕಟ್ಟಡದ ಸಂಪ್ ಎಷ್ಟು ದೊಡ್ಡದು, ಮೇಲಿನ ಟ್ಯಾಂಕು ಎಷ್ಟು ಮನೆಗಳಿಗೆ, ಟ್ಯಾಂಕರ್ ತರಿಸಿದರೆ ಅದರ ಹಣ ಮಾಲೀಕರದೋ ಬಾಡಿಗೆದಾರರದೋ ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಯಾವ ಮನೆಯನ್ನೂ ಒಪ್ಪಿಕೊಳ್ಳಬಾರದು.

ಕೊಳವೆಬಾವಿಯಿದೆ ಎಂಬ ಉತ್ತರ ಬಂದರೆ ಅಲ್ಲಿಗೆ ಸಮಾಧಾನಪಡುವಂತಿಲ್ಲ. ನೈರೋಬಿಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಅಲ್ಲಿನ ಹಲವು ಕೊಳವೆಬಾವಿಗಳು ಮೀರುತ್ತವೆ. ಇದಕ್ಕೆ ಕಾರಣ ಜ್ವಾಲಾಮುಖಿಯಿಂದಾದ ಬಂಡೆಗಳು. ಪಾವಗಡ, ಕೋಲಾರ, ಬಾಗೇಪಲ್ಲಿ ಕಡೆಯ ಓದುಗರಿಗೆ ಈ ಸಮಸ್ಯೆಯ ಪರಿಚಯ ಊರಿನಿಂದಲೇ ಇರುತ್ತದೆ: ಹಲ್ಲಿನ ಮೇಲೆ ಕಂದು ಕಲೆ, ಮುಂದೆ ಮೂಳೆಯ ನೋವು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಯವರು ಕುಡಿಯಲು ಮತ್ತು ಅಡುಗೆಗೆ ಆರ್‌ಓ ಯಂತ್ರದ ನೀರನ್ನೋ ಬಾಟಲಿ ನೀರನ್ನೋ ಬಳಸಬೇಕು, ಅದರ ಖರ್ಚನ್ನೂ ಮನೆಯ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಇನ್ನು ನೆಲ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚಿಕ್ಕ ಮಳೆ. 2024ರ ಏಪ್ರಿಲ್ ಮತ್ತು ಮೇ ತಿಂಗಳ ಮಳೆಯಲ್ಲಿ ಮಥಾರೆ ನದಿಯ ದಂಡೆ, ಮುಕುರು ಮುಂತಾದ ಪ್ರದೇಶಗಳು ಮುಳುಗಿದವು. ನದಿದಂಡೆಯಿಂದ 30 ಮೀಟರ್ ಒಳಗಿದ್ದವರನ್ನು ಸರ್ಕಾರ ತೆರವುಗೊಳಿಸಿತು, ಮನೆಗಳನ್ನು ಕೆಡವಿಸಿತು. ಅಲ್ಲಿ ಬಾಡಿಗೆಗಿದ್ದ ಬಡವರು ತಮ್ಮದಲ್ಲದ ತಪ್ಪಿಗೆ ಮನೆಯನ್ನೂ ಕಟ್ಟಿದ ಮುಂಗಡವನ್ನೂ ಒಟ್ಟಿಗೆ ಕಳೆದುಕೊಂಡದ್ದು ನೋವಿನ ಸಂಗತಿ. ಎರೆಮಣ್ಣಿನ ಸಮತಟ್ಟು ಪ್ರದೇಶವಾದ ಸೌತ್ ಸಿಯಂಥ ಮಧ್ಯಮವರ್ಗದ ಬಡಾವಣೆಗಳಲ್ಲಿಯೂ ಜೋರು ಮಳೆಗೆ ರಸ್ತೆಗಳಲ್ಲಿ ನೀರು ನಿಲ್ಲುತ್ತದೆ. ಕಟ್ಟಡದ ಗಟ್ಟಿತನವನ್ನೂ ಇದರ ಜೊತೆಗೇ ಯೋಚಿಸಬೇಕು. 2016ರ ಏಪ್ರಿಲ್‌ನಲ್ಲಿ ಹುರುಮಾದಲ್ಲಿ ನದಿಯ ಬದಿಗೆ ಕಟ್ಟಿದ್ದ ಬಾಡಿಗೆ ಮನೆಗಳ ಬಹುಮಹಡಿ ಕಟ್ಟಡವೊಂದು ಮಳೆಯ ರಾತ್ರಿ ಕುಸಿದು ಸುಮಾರು 50 ಜನ ತೀರಿಕೊಂಡರು. ಎಂಬಾಕಾಸಿಯ ಪೈಪ್‌ಲೈನ್‌ನಂಥ ಕಡೆ ಕಟ್ಟಡಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ನಿಂತಿವೆ. ಕೆಳಮಹಡಿಗಳ ಕೋಣೆಗಳಿಗೆ ಹಗಲಿನಲ್ಲಿಯೂ ದೀಪ ಬೇಕು. ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಬೆಳಕು, ಗಾಳಿ ಮತ್ತು ಎರಡನೆಯ ಮೆಟ್ಟಿಲು ಇಲ್ಲದ ಕಟ್ಟಡವನ್ನು ಬಿಡುವುದು ಮೇಲು.

ಬಿಸಿಲಿನ ಬಗ್ಗೆಯೂ ಒಂದು ಮಾತು ಹೇಳಬೇಕು, ನಮ್ಮವರು ಇದರಲ್ಲಿ ತಪ್ಪುವುದು ಸುಲಭ. ನೈರೋಬಿ ಸುಮಾರು 1,700 ಮೀಟರ್ ಎತ್ತರದಲ್ಲಿದೆ, ಅಂದರೆ ಬೆಂಗಳೂರಿಗಿಂತ ಸುಮಾರು 800 ಮೀಟರ್ ಮೇಲೆ, ಮತ್ತು ಭೂಮಧ್ಯರೇಖೆಗಿಂತ ತುಸು ದಕ್ಷಿಣಕ್ಕೆ. ಅಲ್ಲಿನ ಚಳಿಗಾಲ ಜೂನ್‌ನಿಂದ ಆಗಸ್ಟ್‌ವರೆಗೆ. ಬೆಳಗ್ಗೆಯೆಲ್ಲ ಮೋಡ ಮುಚ್ಚಿಕೊಂಡಿರುತ್ತದೆ, ರಾತ್ರಿಯ ಉಷ್ಣಾಂಶ 10ರಿಂದ 12 ಡಿಗ್ರಿಗೆ ಇಳಿಯುತ್ತದೆ, ಮನೆಗಳಲ್ಲಿ ಬೆಚ್ಚಗಾಗಿಸುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಆ ತಿಂಗಳುಗಳಲ್ಲಿ ಸೂರ್ಯ ಉತ್ತರದ ಕಡೆಗೆ ವಾಲಿರುತ್ತಾನೆ. ನಮ್ಮಲ್ಲಿ ಚಳಿಗಾಲದ ಬಿಸಿಲು ದಕ್ಷಿಣದ ಕಿಟಕಿಯಿಂದ ಬಂದರೆ ಅಲ್ಲಿ ಬರುವುದು ಉತ್ತರದ ಕಿಟಕಿಯಿಂದ. ಪೂರ್ವದ ಬಾಗಿಲನ್ನು ಮಾತ್ರ ನೋಡಿ ಮನೆ ಹಿಡಿದವರು ಜುಲೈ ತಿಂಗಳಲ್ಲಿ ತಣ್ಣಗಿನ, ತೇವದ ಕೋಣೆಗಳಲ್ಲಿ ದಿನ ಕಳೆಯಬೇಕಾದೀತು. ಉತ್ತರಕ್ಕೂ ಪಶ್ಚಿಮಕ್ಕೂ ತೆರೆದ ಕಿಟಕಿಗಳಿರುವ ಮನೆ, ಮುಖ್ಯವಾಗಿ ವಯಸ್ಸಾದವರಿದ್ದರೆ, ಬಾಡಿಗೆ ಸ್ವಲ್ಪ ಹೆಚ್ಚಾದರೂ ಯೋಗ್ಯ.

ಭಾರತೀಯ ಕುಟುಂಬಗಳು ಹೆಚ್ಚಾಗಿ ಪಾರ್ಕ್‌ಲ್ಯಾಂಡ್ಸ್ ಮತ್ತು ವೆಸ್ಟ್‌ಲ್ಯಾಂಡ್ಸ್ ಆರಿಸಿಕೊಳ್ಳುವುದಕ್ಕೆ ಅರ್ಥವಾಗುವ ಕಾರಣಗಳಿವೆ. ರೈಲುಹಾದಿಯ ಕಾಲದಿಂದ ನೆಲೆ ನಿಂತ ಗುಜರಾತಿ ಮತ್ತು ಪಂಜಾಬಿ ಸಮುದಾಯಗಳು, ದೇವಸ್ಥಾನಗಳು, ಗುರುದ್ವಾರಗಳು, ಡೈಮಂಡ್ ಪ್ಲಾಜಾದ ಅಂಗಡಿಗಳು, ಆಗಾ ಖಾನ್ ಮತ್ತು ಎಂ. ಪಿ. ಷಾ ಆಸ್ಪತ್ರೆಗಳು ಎಲ್ಲವೂ ಅಲ್ಲಿಯೇ ಹತ್ತಿರ ಹತ್ತಿರ ಇವೆ. ಕರಿಬೇವು, ತೊಗರಿಬೇಳೆ, ಹುಣಸೆಹಣ್ಣಿಗೆ ಅಲೆಯಬೇಕಾಗಿಲ್ಲ. ಸಣ್ಣ ಮಕ್ಕಳೊಂದಿಗೆ ಮೊದಲ ಬಾರಿ ಹೊರದೇಶಕ್ಕೆ ಹೋದ, ಹಗಲಿಡೀ ಮನೆಯಲ್ಲಿ ಒಬ್ಬರೇ ಇರಬೇಕಾದ ತಾಯಿಗೆ ಇಂಥ ನೆರೆಹೊರೆ ದೊಡ್ಡ ಆಸರೆ, ಮತ್ತು ಆ ಕಾರಣಕ್ಕಾಗಿ ಗಂಡನ ಪ್ರಯಾಣ ಅರ್ಧ ಗಂಟೆ ಹೆಚ್ಚಾದರೂ ಒಪ್ಪಬಹುದು. ಆದರೆ ಒಂಟಿಯಾಗಿ ಹೋದ, ಕಾರ್ಖಾನೆಯ ಪಾಳಿಯಲ್ಲಿ ದುಡಿಯುವ ತರುಣನೊಬ್ಬ ನಮ್ಮ ಜನ ಇದ್ದಾರೆ ಎಂಬ ಒಂದೇ ಕಾರಣಕ್ಕೆ ಪಾರ್ಕ್‌ಲ್ಯಾಂಡ್ಸ್‌ನ ಬಾಡಿಗೆ ಕಟ್ಟಿ ದಿನವೂ ನಗರ ದಾಟುವುದು ನನಗೆ ಸರಿಕಾಣುವುದಿಲ್ಲ. ಬೇಳೆಕಾಳನ್ನು ತಿಂಗಳಿಗೊಮ್ಮೆ ಹೋಗಿ ತರಬಹುದು. ತರಕಾರಿ, ಸೊಪ್ಪನ್ನು ಪ್ರತಿ ಬಡಾವಣೆಯಲ್ಲೂ ಮಾಮಾ ಮ್ಬೋಗಾ ಎಂದು ಕರೆಸಿಕೊಳ್ಳುವ ಹೆಂಗಸರು ಮನೆಯ ಹತ್ತಿರದಲ್ಲೇ ಮಾರುತ್ತಾರೆ.

ಸುರಕ್ಷತೆಯನ್ನು ಬಡಾವಣೆಯ ಹೆಸರಿನಿಂದ ಅಳೆಯುವುದಕ್ಕಿಂತ ಸ್ಟೇಜ್‌ನಿಂದ ಮನೆಯ ಗೇಟಿನವರೆಗಿನ ದಾರಿಯಿಂದ ಅಳೆಯಬೇಕು. ಸ್ಟೇಜ್ ಎಂದರೆ ಅಲ್ಲಿ ಮಟಾಟು ನಿಲ್ಲುವ ಜಾಗ. ಗೇಟಿನೊಳಗೆ ಕಾವಲುಗಾರರು, ವಿದ್ಯುತ್ ಬೇಲಿ, ಕ್ಯಾಮರಾ ಎಲ್ಲವೂ ಇರುತ್ತವೆ. ಅಪಾಯವಿರುವುದು ಸಂಜೆ ಏಳರ ನಂತರದ ಆ ಐನೂರು ಮೀಟರ್ ಕಾಲುದಾರಿಯಲ್ಲಿ. ಬೀದಿದೀಪ ಉರಿಯುತ್ತದೆಯೇ, ಅಂಗಡಿಗಳು ಎಷ್ಟು ಹೊತ್ತಿನವರೆಗೆ ತೆರೆದಿರುತ್ತವೆ, ಹೆಂಗಸರು ಆ ಹೊತ್ತಿನಲ್ಲಿ ನಡೆದು ಬರುತ್ತಾರೆಯೇ ಎಂಬುದನ್ನು ಅಲ್ಲೇ ನಿಂತು ನೋಡಬೇಕು. ಎತ್ತರದ ಗೋಡೆಗಳ ನಡುವಿನ ನಿರ್ಜನ ಶ್ರೀಮಂತ ಬೀದಿಗಿಂತ ರಾತ್ರಿ ಒಂಬತ್ತರವರೆಗೆ ಗಿಜಿಗುಡುವ ಸಾಧಾರಣ ಬೀದಿ ಕಾಲ್ನಡಿಗೆಯವರಿಗೆ ಎಷ್ಟೋ ವಾಸಿ. ಕಾರಿನಲ್ಲಿಯೇ ಗೇಟಿನೊಳಗೆ ಹೋಗುವವರ ಲೆಕ್ಕ ಬೇರೆ.

ಹಣದ ವಿಚಾರದಲ್ಲಿ ಬೆಂಗಳೂರಿನಂತೆ ಐದು, ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಪದ್ಧತಿ ಅಲ್ಲಿಲ್ಲ. ಒಂದು ಅಥವಾ ಎರಡು ತಿಂಗಳ ಬಾಡಿಗೆಯನ್ನು ಠೇವಣಿಯಾಗಿಯೂ ಮೊದಲ ತಿಂಗಳ ಬಾಡಿಗೆಯನ್ನು ಮುಂಚಿತವಾಗಿಯೂ ಕೊಡಬೇಕು. ಬಾಡಿಗೆಯ ಜೊತೆಗೆ ಕಾವಲು, ಲಿಫ್ಟ್, ಜನರೇಟರ್, ಕಸದ ಬಾಬ್ತು ಸರ್ವಿಸ್ ಚಾರ್ಜ್ ಇದೆಯೇ ಎಂದು ಕೇಳಬೇಕು. ವಿದ್ಯುತ್ತು ಮುಂಗಡ ಪಾವತಿಯದು: ಫೋನಿನ ಎಂ-ಪೆಸಾದಲ್ಲಿ ಹಣ ಕಟ್ಟಿದರೆ 20 ಅಂಕಿಗಳ ಟೋಕನ್ ಬರುತ್ತದೆ, ಅದನ್ನು ಮೀಟರಿಗೆ ಒತ್ತಬೇಕು. ನಿಮ್ಮ ಮನೆಗೆ ಪ್ರತ್ಯೇಕ ಮೀಟರ್ ಇದೆಯೇ, ಹಿಂದಿನವರ ಬಾಕಿ ಅದರ ಮೇಲಿದೆಯೇ ಎಂಬುದನ್ನು ಕೀಲಿಕೈ ಪಡೆಯುವ ಮೊದಲೇ ವಿಚಾರಿಸುವುದು ಒಳಿತು. ಗಿಗಿರಿ, ರುಂಡಾ, ವೆಸ್ಟ್‌ಲ್ಯಾಂಡ್ಸ್‌ಗಳ ಸುಸಜ್ಜಿತ ಮನೆಗಳಿಗೆ ಡಾಲರಿನಲ್ಲಿ ಬಾಡಿಗೆ ಹೇಳುವುದುಂಟು. ಸಂಬಳ ಕೀನ್ಯಾದ ಹಣವಾದ ಶಿಲ್ಲಿಂಗ್‌ನಲ್ಲಿ ಬರುವವರು ಅಂಥ ಕರಾರಿಗೆ ಸಹಿ ಹಾಕಬಾರದು. 2024ರ ಜನವರಿಯಲ್ಲಿ ಡಾಲರಿಗೆ ಸುಮಾರು 160 ಇದ್ದ ಶಿಲ್ಲಿಂಗ್ ಅದೇ ವರ್ಷದ ನಡುವಿಗೆ ಸುಮಾರು 130ಕ್ಕೆ ಬಂತು. ಅಷ್ಟು ದೊಡ್ಡ ಏರಿಳಿತವನ್ನು ತಿಂಗಳ ಸಂಬಳದವರು ಹೊರಲಾರರು.

ಕಾನೂನಿನ ರಕ್ಷಣೆಯನ್ನು ಹೆಚ್ಚು ನಂಬುವಂತಿಲ್ಲ. ಕೀನ್ಯಾದ ಬಾಡಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುವುದು ತಿಂಗಳಿಗೆ 2,500 ಶಿಲ್ಲಿಂಗ್ ಮೀರದ ಮನೆಗಳಿಗೆ ಮಾತ್ರ. ಅದಕ್ಕಿಂತ ಮೇಲಿನವರಿಗೆ ಬರಹದಲ್ಲಿರುವ ಕರಾರೇ ಆಧಾರ. ಬಾಡಿಗೆ ಯಾವಾಗ, ಎಷ್ಟು ಏರುತ್ತದೆ, ಅವಧಿಗೆ ಮೊದಲೇ ಬಿಡಬೇಕಾದರೆ ಎಷ್ಟು ತಿಂಗಳ ನೋಟಿಸ್, ಠೇವಣಿಯಿಂದ ಏನೇನು ಮುರಿದುಕೊಳ್ಳುತ್ತಾರೆ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಮನೆ ತೋರಿಸುವುದಕ್ಕೇ ದಲ್ಲಾಳಿಗಳು ಶುಲ್ಕ ಕೇಳುತ್ತಾರೆ. ಆ ಶುಲ್ಕ ಪಡೆದು ಮಾಯವಾಗುವವರೂ, ತಮ್ಮದಲ್ಲದ ಮನೆಗೆ ಫೋನಿನಲ್ಲಿಯೇ ಠೇವಣಿ ಹಾಕಿಸಿಕೊಳ್ಳುವವರೂ ಇದ್ದಾರೆ. ಭಾರತದಲ್ಲಿದ್ದುಕೊಂಡೇ ಚಿತ್ರ ನೋಡಿ ಹಣ ಕಳಿಸುವುದು ಯಾವ ಕಾರಣಕ್ಕೂ ಕೂಡದು. ಮೊದಲ ಒಂದು ತಿಂಗಳು ಕಚೇರಿಯ ಹತ್ತಿರ ತಾತ್ಕಾಲಿಕ ವಸತಿಯಲ್ಲಿದ್ದು, ಆ ರಸ್ತೆಯನ್ನು ಕಲಿತು, ಆಮೇಲೆ ಹುಡುಕುವುದು ದುಬಾರಿಯಂತೆ ಕಂಡರೂ ಒಟ್ಟಿನಲ್ಲಿ ಅಗ್ಗ.

ಮೆಚ್ಚಿದ ಮನೆಯನ್ನು ಮೂರು ಬಾರಿ ನೋಡಬೇಕು. ಒಂದು ಕೆಲಸದ ದಿನ ಬೆಳಿಗ್ಗೆ ಆರೂವರೆಗೆ, ಅಲ್ಲಿಂದ ಕಚೇರಿಗೆ ನಿಜವಾಗಿಯೂ ಎಷ್ಟು ಹೊತ್ತಾಗುತ್ತದೆ ಎಂದು ಪ್ರಯಾಣ ಮಾಡಿ ತಿಳಿಯಲು. ಒಂದು ಶುಕ್ರವಾರ ರಾತ್ರಿ, ಏಕೆಂದರೆ ಕಿಲಿಮಾನಿ, ವೆಸ್ಟ್‌ಲ್ಯಾಂಡ್ಸ್ ಮತ್ತು ಥೀಕಾ ರಸ್ತೆಯ ಬಾರುಗಳ ಸದ್ದು ಹಗಲಿನಲ್ಲಿ ಗೊತ್ತಾಗುವುದಿಲ್ಲ. ಮೂರನೆಯದು ಜೋರಾದ ಮಳೆ ನಿಂತ ಮೇಲೆ, ರಸ್ತೆ, ಗೇಟು, ಮೆಟ್ಟಿಲು ಹೇಗಿವೆ ಎಂದು ನೋಡಲು. ಆಗ ಕಟ್ಟಡದ ಕೇರ್‌ಟೇಕರ್‌ನನ್ನೂ, ಆತನಿಂದ ದೂರದಲ್ಲಿ ಯಾರಾದರೊಬ್ಬ ಬಾಡಿಗೆದಾರರನ್ನೂ ಒಂದೇ ಪ್ರಶ್ನೆ ಕೇಳಬೇಕು: ಕಳೆದ ವಾರ ಯಾವ ಯಾವ ದಿನ ನಲ್ಲಿಯಲ್ಲಿ ನೀರು ಬಂತು? ಇಬ್ಬರ ಉತ್ತರ ಹೊಂದಿಕೆಯಾದರೆ ಕರಾರಿನ ಮಾತು ಶುರುಮಾಡಬಹುದು.